ಮಧ್ಯಾಹ್ನದ ಗೀಟು

ಬಾನುಬೀಯ ಸಾಲಿನಲ್ಲಿ ಒಂದೇ ಒಂದು ಕೆಂಪು ಗುರುತು ಇರಲಿಲ್ಲ.

ಶಿವಬಸಮ್ಮ ಹಾಜರಿ ಪುಸ್ತಕದ ಮೇಲೆ ಮರದ ಸ್ಕೇಲನ್ನು ಅಡ್ಡ ಇಟ್ಟುಕೊಂಡು ಜೂನ್ ತಿಂಗಳಿಂದ ಮತ್ತೊಮ್ಮೆ ನೋಡುತ್ತ ಬಂದಳು. ಎಲ್ಲೋ ಕಣ್ಣು ತಪ್ಪಿರಬಹುದು, ಒಂದಾದರೂ ಇದ್ದೀತು ಎಂಬ ಆಸೆ. ಜುಲೈ, ಆಗಸ್ಟು, ದಸರೆ, ದೀಪಾವಳಿ, ಸಂಕ್ರಾಂತಿ. ಎಲ್ಲ ಚೌಕದಲ್ಲೂ ನೀಲಿ ಶಾಯಿಯ ಎರಡು ಓರೆ ಗೀಟು, ಒಂದರ ಮೇಲೊಂದು, ಗುಣಾಕಾರದ ಚಿಹ್ನೆಯ ಹಾಗೆ. ಬೆಳಿಗ್ಗೆ ಹೆಸರು ಕೂಗಿದಾಗ ಒಂದು ಗೀಟು, ಊಟದ ಬಿಡುವು ಮುಗಿದು ಮತ್ತೆ ಕೂಗಿದಾಗ ಇನ್ನೊಂದು. ಬರದವರಿಗೆ ಕೆಂಪು ಶಾಯಿಯಲ್ಲಿ 'ಗೈ'. ಆರನೆಯ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ವರ್ಷವಿಡೀ ಒಂದೂ 'ಗೈ' ಇಲ್ಲದವಳು ಇವಳೊಬ್ಬಳೇ. ಇಡೀ ಕುರುಗೋಡಿನಲ್ಲಿ ಹುಡುಕಿದರೂ ಇಂಥ ಹಾಜರಿ ಸಿಕ್ಕುತ್ತಿರಲಿಲ್ಲ. ಕರೆದು ಬಹುಮಾನ ಕೊಡಬೇಕಾದ ಹಾಜರಿ! ಶಿವಬಸಮ್ಮ ಸ್ಕೇಲನ್ನು ಮತ್ತೆ ಜೂನ್ ತಿಂಗಳಿಗೇ ಒಯ್ದಳು.

"ಆತೇನ್ರಿ ಟೀಚರ್?" ಹೆಡ್‌ಮೇಷ್ಟ್ರು ಚಿದಾನಂದಪ್ಪ ತಮ್ಮ ಮೇಜಿನಿಂದಲೇ ಕೇಳಿದರು. "ನಾಳೆ ಹನ್ನೊಂದರ ಬಸ್ಸಿಗೆ ಬಳ್ಳಾರಿಯಿಂದ ಇನ್ಸ್‌ಪೆಕ್ಟರ್ ಬರ್ತಾರ. ಹತ್ತು ಹೆಸರು, ಹತ್ತು ಸಂಖ್ಯೆ. ಕೆಂಪು ಎಣಿಸಿ ಬರದ್ರ ಮುಗೀತು. ಅದರಾಗ ಯೋಚನೆ ಮಾಡಾದು ಏನೈತಿ?"

ಎಂಬತ್ತೆರಡನೆಯ ಇಸವಿ. ಶಿವರಾತ್ರಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಹದಿನೈದು ದಿನದ ಹಿಂದೆ ಆ ಸುತ್ತೋಲೆ ಬಂದಿತ್ತು. ಶಾಲೆ ಬಿಡುವ ಸಂಭವವಿರುವ ಮಕ್ಕಳನ್ನು ಗುರುತಿಸಿ ನೆರವು ಕೊಡುವುದಂತೆ. ಆಯ್ದ ಕೆಲವು ಶಾಲೆಗಳಲ್ಲಿ ಮಾತ್ರ, ಪ್ರಯೋಗಕ್ಕೆ. ಶಾಲೆಗೆ ಹತ್ತೇ ಮಕ್ಕಳು, ಅದೂ ಆರನೆಯ ತರಗತಿಯವರು. ಆ ಹತ್ತು ಮಕ್ಕಳ ಮನೆಗೆ ತಿಂಗಳಿಗೆ ಇಪ್ಪತ್ತು ಕಿಲೋ ಜೋಳ, ಮಗುವಿಗೆ ಪುಸ್ತಕ, ಎರಡು ಜೊತೆ ಬಟ್ಟೆ, ಹಾಜರಿ ಕಮ್ಮಿಯಿದ್ದರೂ ಮುಂದಿನ ತರಗತಿಗೆ ಬಡ್ತಿ. ಯಾರನ್ನು ಆರಿಸಬೇಕು ಎನ್ನುವುದನ್ನೂ ಅದರಲ್ಲೇ ಬರೆದಿದ್ದರು. ಈ ವರ್ಷ ನಲವತ್ತು ದಿನಕ್ಕಿಂತ ಹೆಚ್ಚು ಗೈರುಹಾಜರಾದವರಲ್ಲಿ ಅತಿ ಹೆಚ್ಚು ಗೈರಾದ ಹತ್ತು ಮಂದಿ. ಮನೆಯ ಪರಿಸ್ಥಿತಿ ಎಂದು ಒಂದು ಕಾಲಂ ಇತ್ತು, ಆದರೆ ಅದಕ್ಕೆ ಬೆರಳಗಲದ ಜಾಗ ಬಿಟ್ಟಿದ್ದರು. ಅದರಲ್ಲಿ 'ಬಡವರು' ಎಂದು ಬರೆಯಬಹುದಿತ್ತು, ಅಷ್ಟೇ.

ಪಟ್ಟಿಯಲ್ಲಿ ಮೊದಲನೆಯವನು ಗಾಳೆಪ್ಪ. ಹಿಟ್ಟಿನ ಗಿರಣಿ ಎರ್ರಣ್ಣನ ಒಬ್ಬನೇ ಮಗ, ತೊಂಬತ್ತೊಂದು ದಿನ ಗೈರು. ಅವನಿಗೇನೂ ಕಷ್ಟವಿರಲಿಲ್ಲ. ಸಿರುಗುಪ್ಪದಲ್ಲಿ ಮೊಮ್ಮಗನೆಂದರೆ ಪ್ರಾಣ ಬಿಡುವ ಅಜ್ಜಿ ಇದ್ದಳು, ಸಿನಿಮಾ ಟಾಕೀಸು ಇತ್ತು. ಶನಿವಾರ ಬಸ್ಸು ಹತ್ತಿದರೆ ಬುಧವಾರ ಇಳಿಯುತ್ತಿದ್ದ. ಮನೆಯಲ್ಲಿ ಎರಡು ಎಮ್ಮೆ ಹಾಲು ಕೊಡುತ್ತಿದ್ದವು. ಅವನಿಗೆ ಸರ್ಕಾರದ ಜೋಳ! ಅದೂ ಬೀಸುವುದಕ್ಕೆ ಮನೆಯಲ್ಲೇ ಗಿರಣಿ. ಹತ್ತನೆಯವಳು ಸುಂಕಮ್ಮ, ಜಡೆಪ್ಪನ ಮಗಳು, ನಲವತ್ನಾಲ್ಕು ದಿನ. ತಾಯಿ ಹೊಲಕ್ಕೆ ಹೋದ ದಿನ ಕಂಕುಳ ಕೂಸನ್ನು ನೋಡಿಕೊಂಡು ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿ.

"ಜಡೆಪ್ಪ ನಿನ್ನೆ ಸಂತಿಯಾಗ ಸಿಕ್ಕಿದ್ದ," ಎಂದರು ಚಿದಾನಂದಪ್ಪ. "ನಿನ್ನ ಮಗಳ ಹೆಸರು ಬರ್ತೈತಪ್ಪ ಅಂದೆ. ಆಗಲೇ ಚೀಲ ಒಗದು ಒಣಗಿ ಹಾಕ್ಯಾನಂತ! ಮನುಷ್ಯನ ಆಸೆ ನೋಡ್ರಿ."

ಶಿವಬಸಮ್ಮ ನಗಲಿಲ್ಲ. ಸುಂಕಮ್ಮನ ಹೆಸರಿನ ಕೆಳಗೆ ಖಾಲಿ ಉಳಿದ ಜಾಗವನ್ನೇ ನೋಡುತ್ತ ಕುಳಿತಳು.

ಬಾನುಬೀಯ ಸಾಲಿನಲ್ಲಿ ಎಂಬತ್ಮೂರು ಮಧ್ಯಾಹ್ನದ ಗೀಟು ಸುಳ್ಳು, ಅವನ್ನು ಎಳೆದದ್ದು ಅವಳ ಕೈಯೇ. ಇನ್ನೊಬ್ಬರನ್ನು ಬಯ್ಯುವ ಹಾಗೂ ಇರಲಿಲ್ಲ. ದೀಪಾವಳಿ ರಜೆ ಮುಗಿದ ದಿನ ಬಾನುಬೀಯ ತಾಯಿ ಮದಾರಬೀ ಶಾಲೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ಟೀಚರಮ್ಮ, ಬಾನುನ ಹೆಸರು ತಗದ್ಬಿಡ್ರಿ. ನಾಳಿಂದ ಬರಾದಿಲ್ಲ" ಎಂದಿದ್ದಳು. ಗಂಡ ರಾಜೇಸಾಬ್ ಲಾರಿ ಮೇಲೆ ಹೋದವನು ಎರಡು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಬಾನುವಿನ ಕೆಳಗೆ ಇನ್ನಿಬ್ಬರು. ಹತ್ತಿ ಬಿಡಿಸುವುದು ಶುರುವಾಗಿತ್ತು, ಅದರ ಹಿಂದೆಯೇ ಮೆಣಸಿನಕಾಯಿ. ಒಬ್ಬಳ ಕೈ ಸಾಲುತ್ತಿರಲಿಲ್ಲ.

ಶಿವಬಸಮ್ಮ ಬಿಡಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಮಾಡಿದಳು. "ಮುಂಜಾನಿ ನನಗ ಕೊಡು, ಮಧ್ಯಾಹ್ನ ನೀ ತಗಾ. ಊಟದ ಗಂಟಿ ಹೊಡೀತಂದ್ರ ಕಳಸ್ತೀನಿ. ನನ್ನಾಣಿ."

ಮದಾರಬೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಟ್ಟು, ಕೊನೆಗೆ, "ಆತು, ನಿಮ್ಮ ಮಾತಿಗೆ" ಎಂದು ಹೋದಳು.

ಆದರೆ ಒಂದೇ ಗೀಟು ಬಿದ್ದ ದಿನ ಲೆಕ್ಕಕ್ಕಿಲ್ಲ. ಎರಡು ಬಿದ್ದರೇ ಒಂದು ದಿನ. ಅಂಥ ದಿನ ಮುಕ್ಕಾಲು ಪಾಲು ತುಂಬದಿದ್ದರೆ ಮಗು ಅದೇ ತರಗತಿಯಲ್ಲಿ ಕೂರಬೇಕು. ಒಂದು ವರ್ಷ ಕೂತ ಹುಡುಗಿ ಮರುವರ್ಷ ಬಂದದ್ದನ್ನು ಶಿವಬಸಮ್ಮ ತನ್ನ ಹನ್ನೊಂದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಹಾಗಾಗಿ ಆ ಮಧ್ಯಾಹ್ನ ಬಾನುಬೀಯ ಹೆಸರನ್ನು ಕೂಗದೆಯೇ ಗೀಟು ಎಳೆದಳು. ಮೊದಲ ದಿನ ಬಾಗಿಲ ಕಡೆ ನೋಡಿಕೊಂಡು ಎಳೆದಳು. ಹತ್ತನೆಯ ದಿನಕ್ಕೆ ರೂಢಿಯಾಯಿತು. ಚಿದಾನಂದಪ್ಪನವರಿಗೂ ಗೊತ್ತಿತ್ತು, ಕಂಡೂ ಕಾಣದ ಹಾಗೆ ಇದ್ದರು. ಶಾಲೆ ಬಿಡದಿರಲಿ ಎಂದು ಎಳೆದ ಗೀಟು ಈಗ ಈ ಹುಡುಗಿ ಶಾಲೆ ಬಿಡುವವಳೇ ಅಲ್ಲ ಎಂದು ಸಾಕ್ಷಿ ಹೇಳುತ್ತಿತ್ತು. ಉಪಕಾರ ಮಾಡಲು ಹೋಗಿ ಉರುಳಿಗೆ ಕೊರಳು ಕೊಟ್ಟ ಹಾಗಾಯಿತಲ್ಲ ಶಿವನೇ!

ಸಂಜೆ ಬಾನುಬೀ ಎಂದಿನಂತೆ ಶಿವಬಸಮ್ಮನ ಮನೆಯ ಕಟ್ಟೆಗೆ ಬಂದಳು. ಮೆಣಸಿನಕಾಯಿ ಶೆಡ್ಡಿನಿಂದ ನೇರ ಬರುತ್ತಿದ್ದಳು. ಅವಳಿಗಿಂತ ಮೊದಲು ಘಾಟು ಬಂದು, ಒಳಗಿದ್ದ ಅತ್ತೆ ಸೀನುತ್ತಿದ್ದರು. ಮಧ್ಯಾಹ್ನ ತಪ್ಪಿಹೋದ ಪಾಠವನ್ನು ಶಿವಬಸಮ್ಮ ಇಲ್ಲಿ ಹೇಳಿಕೊಡುತ್ತಿದ್ದಳು. ಮಧ್ಯಾಹ್ನವಿಡೀ ತೊಟ್ಟು ಮುರಿದ ಹುಡುಗಿಯ ಬೆರಳು ಕೆಂಪಗೆ ಊದಿ, ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಕೇಳಿ ಕೇಳಿಯೇ ಕಲಿಯಬೇಕಿತ್ತು, ಹಾಗೆಯೇ ಕಲಿತಿದ್ದಳು. ಒಮ್ಮೆ ಕಿವಿಗೆ ಬಿದ್ದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ.

"ಬಂದ್ಯಾ ನನ್ನ ಸವತಿ? ಚಾಚು ಕೈ," ಎಂದು ಅತ್ತೆ ಬೆಣ್ಣೆಯ ಬಟ್ಟಲು ತಂದರು. "ನಮ್ಮ ಮನಿ ಬೆಣ್ಣೆಲ್ಲ ನಿನ್ನ ಕೈಗೇ ಆತು. ನನ್ನ ರೊಟ್ಟಿಗೆ ಏನೈತಿ?"

"ನಿಮ್ಮ ರೊಟ್ಟಿಗೆ ನಾಳೆ ನಾ ಖಾರ ತಂದ್ಕೊಡ್ತೀನಜ್ಜಿ."

"ನೋಡು, ಬಾಯಿ ನೋಡು ಇಕೀದು!" ಅತ್ತೆ ಬೈಯುತ್ತಲೇ ಒಂದೊಂದು ಬೆರಳಿಗೂ ಹಚ್ಚಿದರು. ಹುಡುಗಿ ತುಟಿ ಕಚ್ಚಿಕೊಂಡು ಕುಳಿತಳು, ಹಾ ಎನ್ನಲಿಲ್ಲ.

ಪಾಠ ಮುಗಿದ ಮೇಲೆ ಬಾನುಬೀ ಏಳದೆ ಕೂತಿದ್ದಳು. "ಟೀಚರ್ರೀ, ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇರ್ತೈತಲ್ರಿ, ಅದರ ನಂಬರು ಗೋಡಿಗೆ ಹಚ್ತಾರಂತ ಹೌದೇನ್ರಿ?"

"ಹೌದು. ಯಾಕ?"

"ಏನಿಲ್ರಿ. ಸುಮ್ಮನ ಕೇಳಿದೆ." ಸ್ವಲ್ಪ ಹೊತ್ತು ಕಟ್ಟೆಯ ಕಲ್ಲನ್ನು ಕೆರೆದಳು. "ಅಮ್ಮಿ, ಯುಗಾದಿ ಆದ ಮ್ಯಾಲೆ ಬಳ್ಳಾರಿಗೆ ಹೋಗು ಅಂತಾಳ್ರಿ. ಕೌಲ್ ಬಜಾರದಾಗ ದೊಡ್ಡಮ್ಮನ ಮನಿ ಐತಿ. ಅಲ್ಲಿ ಪ್ಯಾಂಟಿಗೆ ಗುಂಡಿ ಹಚ್ಚಾದಂತ. ನೆಳ್ಳಾಗ ಕುಂತು ಮಾಡಾ ಕೆಲಸಂತ್ರಿ."

ಶಿವಬಸಮ್ಮ ಕೂತಲ್ಲಿಂದಲೇ ಎದ್ದಳು. ಚಪ್ಪಲಿ ಮೆಟ್ಟಿ ಹುಡುಗಿಯ ಜೊತೆಯಲ್ಲೇ ಮದಾರಬೀಯ ಮನೆಗೆ ಹೋದಳು.

ಮದಾರಬೀ ಒಲೆಯ ಮುಂದಿದ್ದವಳು ಎದ್ದು ಗೋಣಿತಟ್ಟು ಹಾಸಿದಳು. ಶಿವಬಸಮ್ಮ ಪಟ್ಟಿಯ ವಿಷಯ ಹೇಳಿದಳು. ಇಪ್ಪತ್ತು ಕಿಲೋ ಜೋಳ ಎಂದಾಗ ಮದಾರಬೀಯ ಕೈ ಹಿಟ್ಟಿನಲ್ಲೇ ನಿಂತಿತು.

"ತಿಂಗಳಾ ತಿಂಗಳಾ?"

"ಹೂಂ. ಅಕಿ ಸಾಲಿಗೆ ಬರೋ ತನಕ."

"ಜ್ವಾಳ ಬರ್ತಾವ ಅಂದ್ರ ನಾ ಯಾಕ ನನ್ನ ಮಗಳನ್ನ ಕಂಡೋರ ಮನಿಗೆ ಕಳಿಸ್ಲಿ ಟೀಚರಮ್ಮ? ಹೆತ್ತ ಹೊಟ್ಟಿ ಅಲ್ಲೇನು ನಂದು?" ಎಂದವಳು ತಕ್ಷಣ ಅನುಮಾನದಿಂದ ನೋಡಿದಳು. "ಖರೆ ಕೊಡ್ತಾರೇನು? ದೇವರು ಕೊಟ್ರೂ ಪೂಜಾರಿ ಕೊಡಬೇಕಲ್ಲ?"

ಶಿವಬಸಮ್ಮನ ಬಾಯಿಂದ, "ಕೊಡ್ತಾರ. ನಾ ಹೆಸರು ಬರಸ್ತೀನಿ" ಎಂಬ ಮಾತು ಬಂದುಬಿಟ್ಟಿತು. ಪಟ್ಟಿಯಲ್ಲಿ ಆ ಹೆಸರೇ ಇಲ್ಲವೆಂದು ಹೇಳದೆಯೇ ಎದ್ದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡು ಬಂದಳು. ಹಾಜರಿ ಪುಸ್ತಕ ತಿದ್ದಿದ್ದು ಹೊರಗೆ ಬಂದರೆ ಅಮಾನತು. ಗಂಡ ತೀರಿಕೊಂಡ ಮೇಲೆ ಅವನ ಜಾಗಕ್ಕೆ ಸಿಕ್ಕ ನೌಕರಿ ಇದು. ಮನೆಯಲ್ಲಿ ಅತ್ತೆ, ತಾನು. ಬೇರೆ ಆಧಾರವಿಲ್ಲ.

ಬೆಳಿಗ್ಗೆ ಶಾಲೆಗೆ ಬಂದವಳೇ ಚಿದಾನಂದಪ್ಪನವರಿಗೆ ಹೇಳಿದಳು. ಅವರು ಕಿಟಕಿಯ ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಬ್ಯಾಡ್ರಿ ಟೀಚರ್. ಬೀದ್ಯಾಗ ಹೋಗೋ ಮಾರೀನ್ನ ಮನಿಗೆ ಕರೀಬ್ಯಾಡ್ರಿ. ಆ ಪುಸ್ತಕದ ಪ್ರತಿ ತಿಂಗಳ ಕೊನಿಗೆ ನನ್ನ ಸಹಿ ಐತಿ. ನನ್ನ ನೌಕರಿ ಇನ್ನು ಹದಿನಾಲ್ಕು ತಿಂಗಳು ಉಳದೈತಿ."

"ಹುಡುಗಿ ಹೋಗ್ಬಿಡ್ತಾಳ್ರಿ ಸಾರ್."

"ಎಷ್ಟು ಮಂದಿ ಹೋಗ್ಯಾರ! ಎಲ್ಲಾರಿಗೂ ನೀವು ಕೊರಳು ಕೊಡ್ತೀರೇನು?" ಎಂದವರು ಸ್ವಲ್ಪ ತಗ್ಗಿ, "ಹತ್ತು ಆಗ್ಯಾವ ಬ್ಯಾರೆ. ಅಕೀನ್ನ ಹಾಕಿದ್ರ ಸುಂಕಮ್ಮನ್ನ ತಗೀಬೇಕು. ಜಡೆಪ್ಪಗ ಯಾರು ಹೇಳಾದು? ನೀವು ಹೇಳ್ತೀರಾ?" ಎಂದರು.

ಹನ್ನೊಂದರ ಬಸ್ಸು ಊರಬಾಗಿಲ ಅಗಸೆಯ ಹತ್ತಿರ ಹಾರ್ನು ಹೊಡೆಯಿತು.

ಇನ್ಸ್‌ಪೆಕ್ಟರ್ ಎರ್ರಿಸ್ವಾಮಿ ದಣಿದು ಬಂದಿದ್ದರು. ಅದು ಆ ವಾರದ ಆರನೆಯ ಶಾಲೆ. ಗಡಿಗೆಯ ನೀರು ಕುಡಿದು, ಕುತ್ತಿಗೆ ಒರೆಸಿಕೊಂಡು, ಒಂದೊಂದೇ ಹೆಸರಿನ ಮುಂದೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದರು. ಕೆಂಪನ್ನು ತಾವೇ ಎಣಿಸಿದರು. ಗಾಳೆಪ್ಪ ತೊಂಬತ್ತೊಂದು, ಸರಿ. ಸುಂಕಮ್ಮ ನಲವತ್ನಾಲ್ಕು, ಸರಿ. "ಲೆಕ್ಕ ಚೊಕ್ಕ ಐತಿ," ಎಂದು ಸಹಿಗೆ ಪೆನ್ನು ತೆಗೆದರು.

"ಇನ್ನೊಂದು ಹೆಸರು ಐತ್ರಿ ಸಾರ್," ಎಂದಳು ಶಿವಬಸಮ್ಮ. ತನ್ನ ದನಿಯೇ ತನಗೆ ಬೇರೆಯವರದೆನ್ನಿಸಿತು.

ಚಿದಾನಂದಪ್ಪ ಕೆಮ್ಮಿದರು.

ಎರ್ರಿಸ್ವಾಮಿ ಬಾನುಬೀಯ ಸಾಲಿನ ಮೇಲೆ ಬೆರಳಾಡಿಸಿ ನಕ್ಕರು. "ಇಕಿ ಸಾಲಿ ಬಿಡ್ತಾಳೇನಮ್ಮ? ಇಕಿ ಸಾಲಿ ಗೋಡಿ ಇದ್ದಂಗ ಅದಾಳಲ್ಲ! ಒಂದಿನಾನೂ ತಪ್ಪಿಸಿಲ್ಲ."

"ಮಧ್ಯಾಹ್ನದ ಗೀಟು ನಾ ಹಾಕಿದ್ದು ಸಾರ್. ಹುಡುಗಿ ಇರ್ತಿರಲಿಲ್ಲ. ಮೆಣಸಿನಕಾಯಿ ಬಿಡಸಾಕ ಹೋಗ್ತಿದ್ಲು. ಒಟ್ಟು ಎಂಬತ್ಮೂರು ಮಧ್ಯಾಹ್ನ."

ಪಕ್ಕದ ಕೋಣೆಯಲ್ಲಿ ಎರಡನೆಯ ತರಗತಿಯವರು ಮಗ್ಗಿ ಹೇಳುತ್ತಿದ್ದರು. ಎರ್ರಿಸ್ವಾಮಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗ ಗೊತ್ತಿಲ್ಲಮ್ಮ, ಈ ಜ್ವಾಳ ಬಂದಾಗಿಂದ ನಾನು ಏನೇನು ನೋಡೀನಿ ಅಂತ. ಹೋದ ವಾರ ಒಂದು ಊರಾಗ ಹಳೆ ನೀಲಿ ಗೀಟಿನ ಮ್ಯಾಲೆ ರಾತ್ರೋರಾತ್ರಿ ಕೆಂಪು ಬರದಿದ್ರು. ಯಾರಿಗೆ? ಮೇಷ್ಟ್ರ ತಂಗಿ ಮಕ್ಕಳಿಗೆ. ನೀವು ಬಾಯಿಲೆ ಹೇಳಿದ್ರ ನಾ ಹೆಂಗ ನಂಬಲಿ? ನನಗ ಪುಸ್ತಕ ಮಾತಾಡ್ಬೇಕು." ಆಮೇಲೆ ಏನೋ ಯೋಚಿಸಿ, "ಕರೀರಿ ಆ ಹುಡುಗೀನ್ನ" ಎಂದರು.

ಬಾನುಬೀ ಬಂದು ಬಾಗಿಲ ಹತ್ತಿರ ನಿಂತಳು, ಕೈ ಎರಡೂ ಬೆನ್ನ ಹಿಂದೆ. ಶಿವಬಸಮ್ಮನ ಮುಖ ನೋಡಿದಳು, ಹೆಡ್‌ಮೇಷ್ಟ್ರ ಮುಖ ನೋಡಿದಳು. ತೆರೆದಿದ್ದ ಹಾಜರಿ ಪುಸ್ತಕ ನೋಡಿದಳು. ಜಾಣ ಹುಡುಗಿ, ಟೀಚರಿಗೆ ಏನೋ ಬಂದೊದಗಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು.

"ಏನವ್ವ, ಮಧ್ಯಾಹ್ನ ಸಾಲಿಗೆ ಬರ್ತಿಯೇನು ನೀನು?"

"ಬರ್ತೀನ್ರಿ ಸಾರ್."

"ದಿನಾಲು?"

"ದಿನಾಲು ಬರ್ತೀನ್ರಿ. ಒಂದಿನಾನೂ ತಪ್ಪಿಸಿಲ್ರಿ. ಟೀಚರು ಹಾಜರಿ ಸರಿಯಾಗೇ ಹಾಕ್ಯಾರ್ರಿ."

ಶಿವಬಸಮ್ಮ ಬಾಯಿ ತೆರೆದಳು, ಎರ್ರಿಸ್ವಾಮಿ ಕೈಯೆತ್ತಿ ತಡೆದರು. ವೇಳಾಪಟ್ಟಿ ನೋಡಿದರು. "ಹೋದ ಬುಧವಾರ ಮಧ್ಯಾಹ್ನ ಏನು ಪಾಠ ಆತು?"

"ಭೂಗೋಳ ರೀ. ತುಂಗಭದ್ರಾ ಅಣೆಕಟ್ಟು. ಎಡದಂಡಿ ಕಾಲುವಿ, ಬಲದಂಡಿ ಕಾಲುವಿ. ಬಲದಂಡಿಯೊಳಗ ಮ್ಯಾಲ್ಮಟ್ಟದ್ದು ಒಂದು, ಕೆಳಮಟ್ಟದ್ದು ಒಂದ್ರಿ. ನಮ್ಮ ಊರಿಗೆ ಕೆಳಮಟ್ಟದ್ದು."

"ಗುರುವಾರ?"

"ವಿಜ್ಞಾನ ರೀ. ನೀರು ಆವಿ ಆಗಾದು." ಕೇಳದಿದ್ದರೂ ಮುಂದುವರಿಸಿ ಆವಿ, ಮೋಡ, ಮಳೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಒಂದು ಅಕ್ಷರ ತಪ್ಪಲಿಲ್ಲ. ಅಯ್ಯೋ, ಒಂದಾದರೂ ತಪ್ಪಬಾರದಿತ್ತೇ! ತಾನು ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿಕೊಟ್ಟ ಒಂದೊಂದು ಮಾತೂ ಹುಡುಗಿಯ ಬಾಯಿಂದ ಬಂದು ಹುಡುಗಿಗೇ ಕಲ್ಲು ಹಾಕುತ್ತಿದ್ದುದನ್ನು ಶಿವಬಸಮ್ಮ ನಿಂತು ಕೇಳಬೇಕಾಯಿತು.

ಎರ್ರಿಸ್ವಾಮಿ ಪುಸ್ತಕ ಮುಚ್ಚಿದರು. "ನೋಡ್ರಮ್ಮ, ಇಷ್ಟು ಚಂದ ಓದೋ ಹುಡುಗೀನ್ನ ಸಾಲಿ ಬಿಡೋಳು ಅಂತ ಬರಸಾಕ ಬಂದೀರಲ್ಲ. ನಿಮಗೇನು ಬೇಕಾದೋರು ಇವರು?"

"ಸುಳ್ಳು ಹೇಳ್ತಾಳ್ರಿ ಇಕಿ!" ಶಿವಬಸಮ್ಮ ಕಿರುಚಿದ ಹಾಗೆ ಹೇಳಿದಳು. ಪಕ್ಕದ ಕೋಣೆಯ ಮಗ್ಗಿ ನಿಂತುಹೋಯಿತು. "ಸುಳ್ಳುಬುರುಕಿ! ಲೇ ಬಾನು, ತೋರ್ಸು ಕೈ. ತೋರ್ಸಲೇ!"

ಬಾನುಬೀ ಅಲ್ಲಾಡಲಿಲ್ಲ. ಎಂದೂ ತನ್ನನ್ನು ಗದರದ ಟೀಚರನ್ನು ಕಣ್ಣು ಬಿಟ್ಟುಕೊಂಡು ನೋಡಿದಳು. ಯಾರನ್ನು ಕಾಪಾಡಲು ಸುಳ್ಳು ಹೇಳಿದ್ದಳೋ ಅವರೇ ಎಲ್ಲರ ಮುಂದೆ ಸುಳ್ಳುಬುರುಕಿ ಅಂದಿದ್ದರು. ಶಿವಬಸಮ್ಮ ಹೋಗಿ, ಬೆನ್ನ ಹಿಂದಿನ ಕೈಯನ್ನು ಎಳೆದು ಮೇಜಿನ ಮೇಲಿಟ್ಟಳು. ಹುಡುಗಿ ಬಿಡಿಸಿಕೊಳ್ಳಲು ಜಗ್ಗಿದಳು, ಬಳೆಯೊಂದು ಒಡೆಯಿತು.

ಎರ್ರಿಸ್ವಾಮಿ ಆ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಉಗುರಿನ ಸಂದಿಯಲ್ಲೆಲ್ಲ ಕೆಂಪು ಪುಡಿ ಕೂತಿತ್ತು. "ಮನಿಯಾಗ ಖಾರ ಕುಟ್ಟಿದ್ರೂ ಹಿಂಗ ಆಗ್ತೈತಿ," ಎಂದು ಕೈ ಬಿಟ್ಟು, ಬೆವರು ಇಳಿಯುತ್ತಿದ್ದ ಹುಬ್ಬನ್ನೂ ಕಣ್ಣನ್ನೂ ಬೆರಳಿಂದ ಒರೆಸಿಕೊಂಡರು.

ಮರುಗಳಿಗೆಗೆ ಕುರ್ಚಿಯಿಂದ ಎದ್ದುನಿಂತರು. "ಏ, ಏ! ನೀರು, ನೀರು ತರ್ರಿ!" ಚಿದಾನಂದಪ್ಪ ಗಡಿಗೆಯತ್ತ ಓಡಿದರು. ಎರ್ರಿಸ್ವಾಮಿ ಜಗುಲಿಯಲ್ಲಿ ಬಗ್ಗಿ ಕಣ್ಣಿಗೆ ನೀರೆರಚಿಕೊಂಡರು, ಮತ್ತೆ ಎರಚಿಕೊಂಡರು. ಮೂರು ತಂಬಿಗೆ ಮುಗಿಯಿತು. ಬಾನುಬೀ ಹೆದರಿ ಗೋಡೆಗೆ ಅಂಟಿ ನಿಂತು, ಮೆಲ್ಲಗೆ, "ತಿಕ್ಕಬ್ಯಾಡ್ರಿ ಸಾರ್. ತಿಕ್ಕಿದ್ರ ಜಾಸ್ತಿ ಆಗ್ತೈತಿ. ಬೆಣ್ಣಿ ಹಚ್ಚಬೇಕ್ರಿ" ಎಂದಳು.

ಅವರು ಒಂದು ಕಣ್ಣು ಮುಚ್ಚಿಕೊಂಡೇ ಬಂದು ಕುಳಿತರು. ಹುಡುಗಿಯ ಕೈಯನ್ನು ಇನ್ನೊಮ್ಮೆ ನೋಡಿದರು, ಮುಟ್ಟಲಿಲ್ಲ. "ಹೋಗವ್ವ ಕ್ಲಾಸಿಗೆ" ಎಂದರು. ಬಾನುಬೀ ಶಿವಬಸಮ್ಮನ ಕಡೆ ತಿರುಗಿಯೂ ನೋಡದೆ ಹೋದಳು.

"ಬರಕೊಡ್ರಿ," ಎಂದರು ಎರ್ರಿಸ್ವಾಮಿ. "ಎಂಬತ್ಮೂರು ಮಧ್ಯಾಹ್ನ ಹುಡುಗಿ ಇರ್ಲಿಲ್ಲ, ಹಾಜರಿ ನಾ ಹಾಕೀನಿ ಅಂತ. ನಿಮ್ಮ ಕೈಲೆ, ನಿಮ್ಮ ಸಹಿ. ಹೆಸರು ಪಟ್ಟಿಗೆ ಹಾಕ್ಕೊಂತೀನಿ. ಈ ಕಾಗದಾನೂ ಅದಕ್ಕ ಹಚ್ತೀನಿ. ಎರಡೂ ಕೂಡೇ ಬಳ್ಳಾರಿಗೆ ಹೋಗ್ತಾವ. ಮುಂದಿಂದು ನನ್ನ ಕೈಯಾಗಿಲ್ಲ."

ಶಿವಬಸಮ್ಮ ಬರೆದಳು. ಕೊನೆಯಲ್ಲಿ ಸಹಿ ಹಾಕಿ ಕಾಗದವನ್ನು ಅವರ ಮುಂದೆ ಸರಿಸಿದಳು.

ಎರ್ರಿಸ್ವಾಮಿ ಬಾನುಬೀಯ ಹೆಸರನ್ನು ಎರಡನೆಯ ಸಾಲಿಗೆ ಸೇರಿಸಿ, ಕೊನೆಯ ಹೆಸರಿನ ಮೇಲೆ ಪೆನ್ನಿಟ್ಟರು.

"ಸಾರ್, ಅಕೀನ್ನ ಬ್ಯಾಡ್ರಿ," ಎಂದಳು ಶಿವಬಸಮ್ಮ. "ಮೊದಲ್ನೇ ಹೆಸರು ತಗೀರಿ. ಗಾಳೆಪ್ಪಗ ಯಾತರ ಕಮ್ಮಿ ಐತಿ? ಊರಿಗೆಲ್ಲ ಗೊತ್ತೈತ್ರಿ."

"ಊರಿಗೆ ಗೊತ್ತಿರ್ಬಹುದಮ್ಮ. ತೊಂಬತ್ತೊಂದು ದಿನ. ಹೆಂಗ ತಗೀಲಿ?" ನೀರು ಸೋರುತ್ತಿದ್ದ ಕಣ್ಣನ್ನು ಅಂಗಿಯ ತೋಳಿಗೆ ಒತ್ತಿಕೊಂಡು ಅವರು ಸುಂಕಮ್ಮನ ಹೆಸರಿನ ಮೇಲೆ ಗೀಟು ಎಳೆದರು.

ಮರುದಿನ ಬೆಳಿಗ್ಗೆ ಹೆಸರು ಕೂಗುವಾಗ ಬಾನುಬೀಯ ಜಾಗ ಖಾಲಿಯಿತ್ತು. ಶಿವಬಸಮ್ಮ ಎರಡು ಸಲ ಕೂಗಿದಳು.

"ಅಕಿ ಬರಲ್ಲಂತ್ರಿ," ಎಂದಳು ಸುಂಕಮ್ಮ, ತನ್ನ ಜಾಗದಿಂದ ಎದ್ದುನಿಂತು. ಬಾನುಬೀಯ ಪಕ್ಕದವಳು ಅವಳೇ. "ಟೀಚರು ನನಗ ಸುಳ್ಳುಬುರುಕಿ ಅಂದ್ರು, ನಾ ಇನ್ನು ಸಾಲಿಗೆ ಹೋಗಲ್ಲ ಅಂತ ರಾತ್ರಿ ಪೂರಾ ಅಳ್ತಿದ್ಲಂತ್ರಿ." ಇಷ್ಟು ಹೇಳಿ ಕೂತವಳು ಮತ್ತೆ ಎದ್ದು, "ಟೀಚರ್ರೀ, ನಮ್ಮಪ್ಪ ಕೇಳಂದ. ಜ್ವಾಳ ಯಾವಾಗ ಕೊಡ್ತಾರಂತ್ರಿ?" ಎಂದಳು.

ಇಡೀ ತರಗತಿ ಶಿವಬಸಮ್ಮನನ್ನು ನೋಡಿತು. "ಸಂಜಿಗೆ ನಾ ನಿಮ್ಮ ಮನಿಗೆ ಬರ್ತೀನಿ. ನಾನೇ ಹೇಳ್ತೀನಿ ನಿಮ್ಮಪ್ಪಗ," ಎಂದಳು. ಹುಡುಗಿಗೆ ಅಷ್ಟರಲ್ಲೇ ಅರ್ಥವಾಯಿತೋ ಏನೋ, ಮೆಲ್ಲಗೆ ಕೂತುಕೊಂಡಳು. ಶಿವಬಸಮ್ಮ ಕೆಂಪು ಪೆನ್ನು ತೆಗೆದು ಬಾನುಬೀಯ ಸಾಲಿನಲ್ಲಿ ಆ ವರ್ಷದ ಮೊದಲನೆಯ 'ಗೈ' ಬರೆದಳು. ಬಳ್ಳಾರಿಯಲ್ಲಿ ಆ ಕಾಗದವನ್ನು ಈಗ ಯಾರು ಓದುತ್ತಿರಬಹುದು? ಹುಡುಗಿಯೇ ಬಾರದಿದ್ದರೆ ಅದನ್ನು ಬರೆದುಕೊಟ್ಟು ಸಾಧಿಸಿದ್ದೇನು? ಬೆಳಗಿನ ಪಾಠದಲ್ಲಿ ಮೂರು ಸಲ ಬಾಗಿಲ ಕಡೆ ನೋಡಿದಳು, ಮೂರು ಸಲವೂ ಆಡೊಂದು ನಿಂತಿತ್ತು.

ಊಟದ ಗಂಟೆ ಹೊಡೆಯಿತು. ಡಬ್ಬಿ ಬಿಚ್ಚಲಿಲ್ಲ. ಮದಾರಬೀಯ ಮನೆಗೆ ಹೋಗೋಣವೆಂದು ಎದ್ದಳು, ಯಾವ ಮುಖ ಹೊತ್ತು ಹೋಗಲಿ ಎಂದು ಕೂತಳು.

ಬಿಡುವು ಮುಗಿದು ಮಕ್ಕಳೆಲ್ಲ ಒಳಗೆ ಬಂದು ಗದ್ದಲವಡಗುವಾಗ ಬಾಗಿಲಲ್ಲಿ ಮದಾರಬೀ ನಿಂತಿದ್ದಳು. ಎಂದಿನಂತೆ ಒಳಗೆ ಕಾಲಿಡಲಿಲ್ಲ. ಮಗಳ ರಟ್ಟೆ ಹಿಡಿದು ಮುಂದೆ ತಳ್ಳಿದಳು. "ತಗಾರ್ರಿ ಟೀಚರಮ್ಮ. ನನ್ನ ಕೈಲೆ ಎರಡು ತಿಂದ ಮ್ಯಾಲೆ ಬಂದೈತಿ ಸವಾರಿ. ಸುಳ್ಳು ಹೇಳಿದ್ದಕ್ಕ ಸುಳ್ಳುಬುರುಕಿ ಅಂದ್ರ ಸಿಟ್ಟಂತ ಇಕಿಗೆ!" ಎಂದು ನಗಲು ನೋಡಿದಳು. ಆಮೇಲೆ ದನಿ ತಗ್ಗಿಸಿ, "ನಿಮಗ ಏನಾರ ತ್ರಾಸ ಆಗ್ತೈತೇನ್ರಿ?" ಎಂದು ಕೇಳಿದಳು.

"ಗೊತ್ತಿಲ್ಲವ್ವ," ಎಂದಳು ಶಿವಬಸಮ್ಮ.

ಬಾನುಬೀ ಹೋಗಿ ತನ್ನ ಜಾಗದಲ್ಲಿ ಕೂತಳು. ಕೈ ಮಡಿಲಲ್ಲಿತ್ತು, ಬೆಣ್ಣೆ ಸವರಿದ್ದು ಮಿನುಗುತ್ತಿತ್ತು. ಬರುವ ದಾರಿಯಲ್ಲಿ ಅತ್ತೆ ಕರೆದು ಹಚ್ಚಿರಬೇಕು.

ಶಿವಬಸಮ್ಮ ಹೆಸರು ಕೂಗತೊಡಗಿದಳು. ಬಾನುಬೀ ಎಂದಾಗ ಹುಡುಗಿ ತಲೆ ಎತ್ತದೆ, "ಹಾಜರ್ರೀ" ಎಂದಳು. ಬೆಳಗಿನ ಕೆಂಪಿನ ಪಕ್ಕದಲ್ಲಿ ನೀಲಿ ಗೀಟು ಒಂಟಿಯಾಗಿ ಬಿತ್ತು. ನವೆಂಬರಿನಿಂದ ಈಚೆಗೆ ಆ ಸಾಲಿನಲ್ಲಿ ಬಿದ್ದ ಮೊದಲನೆಯ ನಿಜವಾದ ಮಧ್ಯಾಹ್ನದ ಗೀಟು ಅದು. ಮುಂದಿನ ಹೆಸರುಗಳು ಸಲೀಸಾಗಿ ಹೋದವು. ಕೊನೆಯದಕ್ಕೆ ಬಂದಳು.

"ಸುಂಕಮ್ಮ."

ಯಾರೂ ಓಗೊಡಲಿಲ್ಲ. ಶಿವಬಸಮ್ಮ ತಲೆಯೆತ್ತಿದಳು. ಬಾನುಬೀಯ ಪಕ್ಕದ ಜಾಗ ಖಾಲಿಯಿತ್ತು, ಪಾಟಿಚೀಲವೂ ಇರಲಿಲ್ಲ.

"ಊಟಕ್ಕ ಹೋದಾಕಿ ಬಂದಿಲ್ರಿ," ಎಂದರು ಯಾರೋ.

ಇನ್ನೊಂದು ಸಲ ಕೂಗಿದಳು. ಬಾಗಿಲಾಚೆ ಮದಾರಬೀ ಬಿಸಿಲಲ್ಲಿ ಶೆಡ್ಡಿನ ಕಡೆ ಬಿರಬಿರನೆ ಹೋಗುತ್ತಿದ್ದುದು ಬಿಟ್ಟರೆ ದಾರಿಯಲ್ಲಿ ಯಾರೂ ಇರಲಿಲ್ಲ. ನೀಲಿ ಪೆನ್ನು ಕೈಯಲ್ಲೇ ಇತ್ತು, ಅದರ ಮೊನೆ ಸುಂಕಮ್ಮನ ಚೌಕದ ಮೇಲೆ, ಬೆಳಗಿನ ಗೀಟಿನ ಪಕ್ಕ ನಿಂತಿತ್ತು. ಶಿವಬಸಮ್ಮ ಅದರ ಮುಚ್ಚಳ ಹಾಕಿ ಕೆಳಗಿಟ್ಟಳು. ಕೆಂಪು ಪೆನ್ನು ತೆಗೆದುಕೊಂಡು, ಯಾರು ಯಾವಾಗ ತೆರೆದು ನೋಡಿದರೂ ಕಾಣುವಷ್ಟು ದಪ್ಪಗೆ, 'ಗೈ' ಎಂದು ಬರೆದಳು. ಅಕ್ಷರದ ಮೇಲೆ ಇನ್ನೊಮ್ಮೆ ತಿದ್ದಿದಳು.

ಆಮೇಲೆ ಶಾಯಿ ಆರಲೆಂದು ಪುಸ್ತಕವನ್ನು ತೆರೆದೇ ಇಟ್ಟು, ಪಾಠಕ್ಕೆ ಎದ್ದಳು.